ಭಂಗಾರದೊಳಗಿನ ಬಂಗಾರ



ಒಂದು ಪದದಿಂದ ಮಾತು ಶುರು ಮಾಡೋಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯವರಿಗೆ ಇದು ದಿನಬಳಕೆಯ ಸಂಗತಿ. ಮನೆಯೊಳಗೆ ಕನ್ನಡದಲ್ಲಿ ‘ಬಂಗಾರ’ ಅಂದರೆ ಚಿನ್ನ. ಹೊಸ್ತಿಲು ದಾಟಿ ಪೇಟೆಗೆ ಹೋಗಿ ಮರಾಠಿಯಲ್ಲಿ ‘ಭಂಗಾರ್’ ಅಂದರೆ ತುಕ್ಕು ಹಿಡಿದ ಕಬ್ಬಿಣ, ಮುರಿದ ಸಾಮಾನು. ಒಂದಿಷ್ಟು ಉಸಿರು ಹೆಚ್ಚಾದರೆ ಚಿನ್ನವೇ ಗುಜರಿಯಾಗಿಬಿಡುತ್ತದೆ! ಗೋವೆಯ ಬಂಧುಗಳು ಮಾತ್ರ ಇದನ್ನು ಒಪ್ಪುವುದಿಲ್ಲ. ಅವರ ಕೊಂಕಣಿಯಲ್ಲಿ ‘ಭಾಂಗಾರ್’ ಅಂದರೂ ಚಿನ್ನವೇ. ಹಳೇ ಕಬ್ಬಿಣದ ಅಂಗಡಿಗೆ ಹೊಸೂರು, ತಾಳವಾಡಿಯ ತಮಿಳರು ‘ಕಾಯಲಾನ್ ಕಡೈ’ ಎನ್ನುತ್ತಾರೆ. ಕಾಸರಗೋಡು, ವಯನಾಡಿನ ಮಲಯಾಳಿಗಳಿಗೆ ಅದು ‘ಆಕ್ರಿಕ್ಕಡ’. ಆದವಾನಿ, ರಾಯದುರ್ಗ, ಮಡಕಶಿರಾದ ಬೀದಿಯಲ್ಲಿ ‘ಪಾತ ಇನುಪ ಸಾಮಾನ್ಲು’ ಎಂದು ಕೂಗುತ್ತ ಗಾಡಿ ಬರುತ್ತದೆ. ನಮ್ಮ ಕನ್ನಡಕ್ಕೆ ಅದು ಗುಜರಿ, ಕರಾವಳಿಯಲ್ಲಿ ಗುಜಿರಿ.

ಇಂದಿನ ಮಾತು ಈ ಗುಜರಿಯ ರಾಶಿಯೊಳಗೆ ಸಿಕ್ಕಿಬಿದ್ದ ಒಂದು ಚರಿತ್ರೆಯ ಬಗ್ಗೆ. ಅದು ರಾಜರ ಚರಿತ್ರೆಯಲ್ಲ, ಯುದ್ಧದ ಚರಿತ್ರೆಯಲ್ಲ. ಮೈಸೂರಿನಲ್ಲಿ ಹುಟ್ಟಿ, ಗಡಿ ದಾಟಿ ನಮ್ಮ ಹಳ್ಳಿಗಳಿಗೆ ಬಂದು, ಹುಣಸೆ ಮರದ ಕೆಳಗೆ ಬಿಚ್ಚಿಸಿಕೊಂಡು, ಮತ್ತೆ ಕೂಡಿಸಿಕೊಂಡು ಓಡಿದ ಒಂದು ಮೋಟರ್ ಸೈಕಲ್ಲಿನ ಚರಿತ್ರೆ. ಜಾವಾ ಅಂದರೆ ಹಿರಿಯರು ಗುರುತಿಸುತ್ತಾರೆ. ಯೆಜ್ಡಿ ಅಂದರೆ ಅವರ ಮಕ್ಕಳು ಗುರುತಿಸುತ್ತಾರೆ.

ಈ ಗಾಡಿಯ ಮೂಲ ನಮ್ಮ ದೇಶದಲ್ಲಿಲ್ಲ. ಆಗಿನ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್ ನಗರದಲ್ಲಿ ಫ್ರಾಂತಿಶೆಕ್ ಯಾನೆಚೆಕ್ ಎಂಬ ಉದ್ಯಮಿಯಿದ್ದ. ಅವನ ಕಾರ್ಖಾನೆ ಮಾಡುತ್ತಿದ್ದುದು ಮದ್ದುಗುಂಡು, ಆಯುಧ. ಮೊದಲ ಮಹಾಯುದ್ಧ ಮುಗಿದು ಆಯುಧದ ಬೇಡಿಕೆ ಇಳಿದಾಗ ಅವನು ಬೇರೆ ಕಸುಬು ಹುಡುಕಿದ. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್ ಸೈಕಲ್ಲಿನ ವಿನ್ಯಾಸವನ್ನೂ ಹಕ್ಕನ್ನೂ ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರಿನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಎಂದು ಹೆಸರಿಟ್ಟ. ಕೇಳಿದವರು ಇಂಡೊನೇಶಿಯಾದ ಜಾವಾ ದ್ವೀಪವನ್ನು ನೆನೆಯುತ್ತಾರೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಕಾರ್ಖಾನೆಗಳು ಸರ್ಕಾರದ ಸ್ವತ್ತಾದವು. 1954ರ ಹೊತ್ತಿಗೆ 250 ಸಿ.ಸಿ.ಯ ಹೊಸ ಮಾದರಿ ಬಂತು. ನಮ್ಮ ಹಿರಿಯರು ಜಾವಾ ಎಂದು ಕರೆದದ್ದು ಈ ವಂಶದ ಗಾಡಿಯನ್ನೇ.

ಭಾರತಕ್ಕೆ ಈ ಗಾಡಿಗಳು ಮೊದಲು ಹಡಗಿನಲ್ಲಿ ಬಂದವು. 1950ರ ದಶಕದಲ್ಲಿ ವಿದೇಶೀ ವಿನಿಮಯದ ಅಭಾವದಿಂದ ಸರ್ಕಾರ ಆಮದಿಗೆ ಕಡಿವಾಣ ಹಾಕಿತು. ಬೇಕಿದ್ದರೆ ಇಲ್ಲೇ ತಯಾರಿಸಿ ಎಂಬುದು ಆಗಿನ ನೀತಿ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ಶುರುವಾದದ್ದೂ ಅದೇ ದಾರಿಯಲ್ಲಿ. ಪೋಲೆಂಡಿನ ಮಾದರಿಯ ರಾಜದೂತ್ ಉತ್ತರ ಭಾರತದಲ್ಲಿ ಹುಟ್ಟಿದ್ದೂ ಹಾಗೆಯೇ. ಜಾವಾದ ಪಾಲಿಗೆ ಒದಗಿದ್ದು ನಮ್ಮ ಮೈಸೂರು. ಇರಾನಿ ಮನೆತನದ ಫರೋಖ್ ಮತ್ತು ರುಸ್ತುಂ ಅವರ ಮುಂದಾಳತ್ವದಲ್ಲಿ ಐಡಿಯಲ್ ಜಾವಾ ಎಂಬ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ 1960-61ರ ಸುಮಾರಿಗೆ ಕೆಲಸ ಆರಂಭಿಸಿತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು.

ಇಸವಿಯನ್ನು ಗಮನಿಸಬೇಕು. 1956ರಲ್ಲಿ ಭಾಷಾವಾರು ಪ್ರಾಂತಗಳಾಗಿ, ನಮ್ಮಂಥ ಕನ್ನಡಿಗರು ಗೆರೆಯ ಆಚೆ ಉಳಿದು ನಾಲ್ಕೈದೇ ವರ್ಷವಾಗಿತ್ತು. ಗೆರೆ ಬಿದ್ದರೂ ರಸ್ತೆ ನಿಂತಿರಲಿಲ್ಲ. ತಾಳವಾಡಿಯವರಿಗೆ ಚಾಮರಾಜನಗರದ ಮೇಲೆ ಮೈಸೂರು. ಗೂಡಲೂರಿನವರಿಗೆ ಬಂಡೀಪುರದ ಮೇಲೆ ಮೈಸೂರು. ವಯನಾಡಿನವರಿಗೆ ಕಾಡು ದಾಟಿದರೆ ಮೈಸೂರು ಸೀಮೆ. ಮೈಸೂರಿನ ಗಾಡಿ ಈ ದಾರಿಗಳಲ್ಲಿ ಗಡಿಯನ್ನು ಹಗಲಿರುಳು ದಾಟಿತು. ಸಾಲಿ ಮೇಷ್ಟ್ರು, ಹಾಲಿನವರು, ಕಾಫಿ ತೋಟದ ರೈಟರು, ಕಂಪೌಂಡರು, ದನದ ಡಾಕ್ಟರು, ಇವರೆಲ್ಲರ ಗಾಡಿ ಅದು. ಎರಡು ಸೈಲೆನ್ಸರಿನ ಆ ಟರ್ರೆಂಬ ಸದ್ದು ಕೇಳಿಯೇ ಯಾರು ಬಂದರೆಂದು ಊರು ಹೇಳುತ್ತಿತ್ತು.

1973ರಲ್ಲಿ ಎರಡು ಹೆಸರು ಬದಲಾದವು. ನವೆಂಬರ್ ಒಂದರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ವರ್ಷದಿಂದ ಮೈಸೂರಿನ ಜಾವಾ ಯೆಜ್ಡಿಯಾಯಿತು. ಇರಾನಿ ಮನೆತನದವರ ಮೂಲಸೀಮೆಯಾದ ಇರಾನ್ ದೇಶದ ಯಜ್ದ್ ಪಟ್ಟಣದ ಹೆಸರು ಅದು. ನಮ್ಮಂಥ ಎರಡು ಭಾಷೆಯವರಿಗೆ ಇಲ್ಲೊಂದು ತಮಾಷೆಯಿದೆ. ಚೆಕ್ ಭಾಷೆಯಲ್ಲಿ ಹೆಚ್ಚುಕಡಿಮೆ ಇದೇ ಉಚ್ಚಾರದ ಪದಕ್ಕೆ ‘ಸವಾರಿ ಮಾಡುತ್ತಾನೆ’ ಎಂದು ಅರ್ಥ. ಪಾರ್ಸಿಯ ಊರು ಚೆಕ್ಕರ ಬಾಯಲ್ಲಿ ಸವಾರಿಯಾಗುತ್ತದೆ, ಕನ್ನಡದ ಚಿನ್ನ ಮರಾಠಿಯಲ್ಲಿ ಗುಜರಿಯಾಗುವ ಹಾಗೆ! ಹೆಸರು ಬದಲಾದರೂ ನಮ್ಮ ಹಳ್ಳಿಗಳಲ್ಲಿ ಯೆಜ್ಡಿಯನ್ನೂ ಬಹಳ ಕಾಲ ಜಾವಾ ಎಂದೇ ಕರೆದರು.

ಇನ್ನು ಈ ಗಾಡಿ ಹಳ್ಳಿಗೆ ಒಗ್ಗಿದ್ದೇಕೆ ಎಂದು ನೋಡೋಣ. ಅದರ ಇಂಜಿನ್ ಎರಡು ಹೊಡೆತದ್ದು, ಅಂದರೆ ಟೂ ಸ್ಟ್ರೋಕ್. ಅದರಲ್ಲಿ ವಾಲ್ವಿಲ್ಲ, ವಾಲ್ವನ್ನು ಎತ್ತುವ ಸರಂಜಾಮಿಲ್ಲ. ಪಿಸ್ಟನ್ನು ಮೇಲೆ ಕೆಳಗೆ ಹೋಗುತ್ತ ತಾನೇ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಿದರೆ ಆಯಿತು. ಕಿಕ್ಕರನ್ನು ಮಡಚಿದರೆ ಅದೇ ಗೇರಿನ ಲಿವರ್. ಒಂದು ಸ್ಪ್ಯಾನರ್ ಸೆಟ್ಟು, ಒಂದು ಸ್ಕ್ರೂಡ್ರೈವರ್, ಒಂದು ಸುತ್ತಿಗೆ ಇದ್ದರೆ ಇಂಜಿನನ್ನು ಗೋಣಿಚೀಲದ ಮೇಲೆ ಬಿಚ್ಚಿ ಹರವಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಅದರ ಕಿಡಿಯ ವ್ಯವಸ್ಥೆ. ಅದು ಕಣ್ಣಿಗೆ ಕಾಣುವಂಥದು, ಕೈಗೆ ಸಿಗುವಂಥದು.

ಈ ಕಿಡಿಗೂ ಒಂದು ಚರಿತ್ರೆಯಿದೆ. 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಕಾಂತಶಕ್ತಿಯ ಏರಿಳಿತದಿಂದ ತಂತಿಯಲ್ಲಿ ವಿದ್ಯುತ್ ಹುಟ್ಟುವುದನ್ನು ತೋರಿಸಿದ. ಆರು ದಶಕಗಳ ನಂತರ, 1897ರಲ್ಲಿ, ಜರ್ಮನಿಯ ರಾಬರ್ಟ್ ಬಾಷ್‌ನ ಕಾರ್ಖಾನೆ ಅದೇ ತತ್ತ್ವದ ಮ್ಯಾಗ್ನೆಟೊವನ್ನು ಮೋಟರ್ ವಾಹನಕ್ಕೆ ಅಳವಡಿಸಿತು. 1902ರಲ್ಲಿ ಅಲ್ಲಿಯ ಗಾಟ್ಲೊಬ್ ಹೊನೊಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೊ ಮತ್ತು ಪ್ಲಗ್ಗಿನ ಜೋಡಿಯನ್ನು ಸಿದ್ಧಪಡಿಸಿದ. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್ ಈ ಮೂರನ್ನು ಸೇರಿಸಿದ ಸರಳ ವ್ಯವಸ್ಥೆ ತಂದ. ನಮ್ಮ ಜಾವಾದಲ್ಲಿದ್ದದ್ದು ಈ ಕೆಟರಿಂಗನ ವಂಶದ ಕಿಡಿ. ಬಾಷ್ ಕೂಡ ನಮಗೆ ದೂರದವನಲ್ಲ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೊ ಕಂಪನಿ ಅವನ ಕಾರ್ಖಾನೆಯದೇ ಕೊಂಬೆ. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು. ‘ಒಂದು ಮೈಕೊ ಪ್ಲಗ್ ಕೊಡಿ’ ಎಂದು ಕೇಳದ ಬೈಕಿನವನು ಆ ಕಾಲದಲ್ಲಿ ಗಡಿಯ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ.

ಈ ವ್ಯವಸ್ಥೆ ಕೆಲಸ ಮಾಡುವ ಬಗೆ ಹೀಗೆ. ಆರು ವೋಲ್ಟಿನ ಬ್ಯಾಟರಿಯಿಂದ ಕರೆಂಟು ಕಾಯಿಲ್ಲಿನ ದಪ್ಪ ತಂತಿಯ ಸುತ್ತಿಗೆ ಬರುತ್ತದೆ, ಅಲ್ಲಿಂದ ಪಾಯಿಂಟಿನ ಮೂಲಕ ಇಂಜಿನ್ನಿನ ಮೈಗೆ ಇಳಿಯುತ್ತದೆ. ಪಾಯಿಂಟ್ ಅಂದರೆ ಎರಡು ಪುಟ್ಟ ಲೋಹದ ಬಿಲ್ಲೆ. ಮುಚ್ಚಿಕೊಂಡಿದ್ದಾಗ ಕರೆಂಟು ಹರಿಯುತ್ತದೆ. ಕ್ರ್ಯಾಂಕಿನ ತುದಿಯಲ್ಲಿ ಒಂದು ಉಬ್ಬಿದೆ. ಕ್ರ್ಯಾಂಕು ಒಂದು ಸುತ್ತು ತಿರುಗಿದಾಗ ಆ ಉಬ್ಬು ಪಾಯಿಂಟನ್ನು ಒಮ್ಮೆ ತೆರೆಯುತ್ತದೆ. ತೆರೆದ ಕ್ಷಣ ಕರೆಂಟು ಕಡಿದುಹೋಗಿ ಕಾಯಿಲ್ಲಿನ ಕಾಂತಶಕ್ತಿ ಕುಸಿಯುತ್ತದೆ. ಆ ಕುಸಿತದಿಂದ ಒಳಗಿನ ಸಾವಿರಾರು ಸುತ್ತಿನ ಸಣ್ಣ ತಂತಿಯಲ್ಲಿ ಹತ್ತು ಸಾವಿರಕ್ಕೂ ಮೀರಿದ ವೋಲ್ಟು ಹುಟ್ಟಿ, ಪ್ಲಗ್ಗಿನ ತುದಿಯ ಸಂದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿನ ಪಕ್ಕದಲ್ಲಿರುವ ಕಂಡೆನ್ಸರು ಕಾವಲುಗಾರ. ಪಾಯಿಂಟು ತೆರೆಯುವಾಗ ಅಲ್ಲೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ಅದು ನೋಡಿಕೊಳ್ಳುತ್ತದೆ. ಕಂಡೆನ್ಸರು ಸತ್ತರೆ ಪಾಯಿಂಟಿನಲ್ಲಿ ನೀಲಿ ಕಿಡಿ ಕಾಣುತ್ತದೆ, ಬಿಲ್ಲೆ ಕಪ್ಪಾಗುತ್ತದೆ, ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ.

ಕಿಡಿ ಹಾರಿದರೆ ಸಾಲದು, ಸಮಯಕ್ಕೆ ಹಾರಬೇಕು. ಪಿಸ್ಟನ್ ತುತ್ತತುದಿಗೆ ಬಂದಾಗ ಹಾರಿಸಿದರೆ ತಡವಾಯಿತು. ಒಲೆಗೆ ಕಡ್ಡಿ ಗೀರಿದ ಕೂಡಲೇ ಎಸರು ಕುದಿಯುತ್ತದೆಯೇ? ಬೆಂಕಿ ಹರಡಲು ಹೊತ್ತು ಬೇಕು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸಿಗುವುದು ಸೆಕೆಂಡಿನ ಐವತ್ತನೇ ಒಂದು ಭಾಗ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವುದಕ್ಕೆ ಕೆಲವು ಮಿಲಿಮೀಟರ್ ಮೊದಲೇ ಕಿಡಿ ಕೊಡಬೇಕು. ಜಾವಾದ ಪಿಸ್ಟನ್ನಿನ ಓಟ 75 ಮಿಲಿಮೀಟರ್. ಕಿಡಿಯ ಜಾಗ ಮೇಲಿನಿಂದ ಹೆಚ್ಚುಕಡಿಮೆ ಮೂರು ಮಿಲಿಮೀಟರಿನ ಆಸುಪಾಸು. ಕರಾರುವಾಕ್ಕಾದ ಲೆಕ್ಕ ಮಾದರಿಯಿಂದ ಮಾದರಿಗೆ ಬೇರೆ, ಅದನ್ನು ಕಂಪನಿಯ ಪುಸ್ತಕದಲ್ಲೇ ನೋಡಬೇಕು. ಮೂರು ಮಿಲಿಮೀಟರ್ ಅಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 20 ಡಿಗ್ರಿ. 3000 ಸುತ್ತಿನ ವೇಗದಲ್ಲಿ ಅದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಚೂರು ಹೆಚ್ಚು. ಈ ಸಾವಿರದ ಒಂದು ಭಾಗವನ್ನು ನಮ್ಮ ಹಳ್ಳಿಯ ಮೇಸ್ತ್ರಿಗಳು ಗಡಿಯಾರವಿಲ್ಲದೆ ಹಿಡಿದರು.

ಹೇಗೆ ಹಿಡಿದರು? ಮೊದಲು ಪಾಯಿಂಟನ್ನು ಸಣ್ಣ ಅರದಿಂದ ಉಜ್ಜಿ ಸಮ ಮಾಡುವುದು. ಬಿಲ್ಲೆ ಪೂರ್ತಿ ತೆರೆದಾಗ ಸಂದಿ 0.4 ಮಿಲಿಮೀಟರ್ ಆಸುಪಾಸು ಇರುವಂತೆ ಫೀಲರ್ ಗೇಜು ಹಾಕಿ ನೋಡುವುದು. ಆಮೇಲೆ ಪ್ಲಗ್ ತೆಗೆದು ಆ ತೂತಿನಲ್ಲಿ ಡಯಲ್ ಗೇಜು ಇಡುವುದು. ಗೇಜಿಲ್ಲದಿದ್ದರೆ ಸೈಕಲ್ಲಿನ ಕಡ್ಡಿಗೆ ಅರದಿಂದ ಗುರುತು ಮಾಡಿ ಇಳಿಬಿಡುವುದು. ಪಿಸ್ಟನ್ನಿನ ತುತ್ತತುದಿ ಕಂಡುಕೊಂಡು, ಅಲ್ಲಿಂದ ಹಿಂದಕ್ಕೆ ತಿರುಗಿಸಿ ಬೇಕಾದ ಮಿಲಿಮೀಟರಿಗೆ ನಿಲ್ಲಿಸುವುದು. ಪಾಯಿಂಟ್ ತೆರೆಯಲು ಶುರುವಾಗುವುದು ಅದೇ ಜಾಗದಲ್ಲಿ ಆಗಬೇಕು. ಅದನ್ನು ನೋಡುವುದಕ್ಕೆ ಸಿಗರೇಟಿನ ತೆಳು ಕಾಗದವನ್ನು ಬಿಲ್ಲೆಗಳ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾರೆ. ಕಾಗದ ಜಾರಿದ ಗಳಿಗೆಯೇ ಕಿಡಿಯ ಗಳಿಗೆ. ಕೆಲವರು ಪಾಯಿಂಟಿಗೂ ಇಂಜಿನ್ನಿನ ಮೈಗೂ ನಡುವೆ ಆರು ವೋಲ್ಟಿನ ಬಲ್ಬು ಕಟ್ಟಿ, ಕೀ ಹಾಕಿ ನೋಡುತ್ತಾರೆ. ಪಾಯಿಂಟ್ ಮುಚ್ಚಿರುವವರೆಗೆ ಬಲ್ಬು ಆರಿರುತ್ತದೆ; ತೆರೆದ ಕ್ಷಣ ಹೊತ್ತುತ್ತದೆ. ಹೊಂದದಿದ್ದರೆ ಪ್ಲೇಟನ್ನು ಕೂದಲೆಳೆಯಷ್ಟು ತಿರುಗಿಸಿ ಸ್ಕ್ರೂ ಬಿಗಿಯುವುದು. ಸಂದಿ ಮೊದಲು, ಟೈಮಿಂಗ್ ನಂತರ. ಈ ಕ್ರಮ ತಪ್ಪಬಾರದು. ಸಂದಿ ಬದಲಾದರೆ ಪಾಯಿಂಟ್ ತೆರೆಯುವ ಗಳಿಗೆಯೂ ಬದಲಾಗುತ್ತದೆ. ಹಿಂದುಮುಂದು ಮಾಡಿದವನು ಸಂಜೆಯವರೆಗೂ ಅದನ್ನೇ ತಿರುವುತ್ತ ಕೂರಬೇಕಾಗುತ್ತದೆ.

ಕಿಡಿ ತೀರ ಮುಂಚೆ ಬಂದರೆ ಕಿಕ್ಕರು ಕಾಲಿಗೆ ತಿರುಗಿ ಒದೆಯುತ್ತದೆ, ಏರಿನಲ್ಲಿ ಇಂಜಿನ್ ಕಟಕಟ ಎನ್ನುತ್ತದೆ, ಬಿಸಿಯೇರಿ ಪಿಸ್ಟನ್ನಿಗೆ ತೂತು ಬೀಳುವುದೂ ಉಂಟು. ತಡವಾಗಿ ಬಂದರೆ ಪಿಕಪ್ಪಿಲ್ಲ, ಸೈಲೆನ್ಸರ್ ಕೆಂಡದಂತಾಗುತ್ತದೆ, ಪೆಟ್ರೋಲು ಸುಮ್ಮನೆ ಸುಡುತ್ತದೆ. ಬಣ್ಣಾರಿಯಿಂದ ದಿಂಬಂ ಘಟ್ಟದ 27 ತಿರುವು ಹತ್ತಿ ತಾಳವಾಡಿಗೆ ಬರುವವನಿಗೂ ವಯನಾಡಿನ ಘಾಟಿ ಹತ್ತುವವನಿಗೂ ಇದು ಪುಸ್ತಕದ ವಿಷಯವಲ್ಲ. ಹಿಂದೆ ಹೆಂಡತಿ, ಮಗು, ಅಕ್ಕಿಮೂಟೆ ಇರುವಾಗ ಅರ್ಧ ಘಟ್ಟದಲ್ಲಿ ಗಾಡಿ ಉಸಿರು ಕಟ್ಟಿದರೆ ಅದರ ಕಷ್ಟ ಹತ್ತಿದವರಿಗೇ ಗೊತ್ತು. ಟೂ ಸ್ಟ್ರೋಕಿನ ಇನ್ನೊಂದು ಚಮತ್ಕಾರವೂ ಹಳಬರಿಗೆ ತಿಳಿದದ್ದೇ. ಕೆಲವೊಮ್ಮೆ ಇಂಜಿನ್ ಹಿಮ್ಮುಖವಾಗಿ ಸ್ಟಾರ್ಟ್ ಆಗುತ್ತಿತ್ತು. ಕಿಂಡಿಗಳು ಎರಡೂ ದಿಕ್ಕಿಗೆ ಒಂದೇ ಲೆಕ್ಕದಲ್ಲಿ ತೆರೆಯುವುದರಿಂದ ಇಂಜಿನ್ನಿಗೆ ಮುಂದೆ ಹಿಂದೆ ಎಂಬ ಭೇದವಿಲ್ಲ. ಮೊದಲ ಗೇರು ಹಾಕಿದರೆ ಗಾಡಿ ಹಿಂದಕ್ಕೆ ಹೊರಡುತ್ತಿತ್ತು!

ಆದರೆ ಕಾಲ ಬದಲಾಯಿತು. 1972ರಲ್ಲಿ ಮಹಾರಾಷ್ಟ್ರದಿಂದ ಲೂನಾ ಮೊಪೆಡ್ ಬಂತು. 1980ರಲ್ಲಿ ನಮ್ಮದೇ ಗಡಿಯ ಹೊಸೂರಿನಿಂದ ಟಿ.ವಿ.ಎಸ್. 50 ಹೊರಬಂತು. 1984ರಲ್ಲಿ ಅದೇ ಹೊಸೂರಿನಿಂದ ಜಪಾನಿನ ಸುಜುಕಿಯ ಸಹಯೋಗದ 100 ಸಿ.ಸಿ. ಬೈಕು ಬಂದರೆ, 1985ರಲ್ಲಿ ಹೀರೊ ಹೊಂಡಾ ಸಿ.ಡಿ. 100 ಮತ್ತು ಯಮಹಾ ಆರ್.ಎಕ್ಸ್. 100 ರಸ್ತೆಗಿಳಿದವು. ಇವು ಹಗುರ. ಲೀಟರಿಗೆ ಕೊಡುವ ಮೈಲೇಜಿನಲ್ಲಿ ಹೀರೊ ಹೊಂಡಾದ ಮುಂದೆ 250 ಸಿ.ಸಿ.ಯ ಯೆಜ್ಡಿ ನಿಲ್ಲಲಾರದಾಯಿತು. 1991ರಿಂದ ಹೊಗೆಗೆ ಸರ್ಕಾರ ಮಿತಿ ಹಾಕಿತು, 1996ರಲ್ಲಿ ಆ ಮಿತಿ ಇನ್ನೂ ಬಿಗಿಯಾಯಿತು. ಆಯಿಲ್ ಸುಡುವ ಟೂ ಸ್ಟ್ರೋಕಿಗೆ ಇದು ದೊಡ್ಡ ಪೆಟ್ಟು. ಅದನ್ನು ಅನ್ಯಾಯ ಎನ್ನಲಾಗದು. ಆ ನೀಲಿ ಹೊಗೆಯ ಹಿಂದೆ ಸೈಕಲ್ ತುಳಿದವರಿಗೆ ಅದರ ನ್ಯಾಯ ತಿಳಿದಿದೆ. 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತಿತು. ಮೂರೂವರೆ ದಶಕ ಊರಿಗೆ ಅನ್ನ ಕೊಟ್ಟ ಸೈರನ್ನು ನಿಂತಿತು.

ಕಾರ್ಖಾನೆ ನಿಂತರೂ ಗಾಡಿಗಳು ನಿಲ್ಲಲಿಲ್ಲ. ಆದರೆ ಸ್ಪೇರು ಎಲ್ಲಿಂದ ತರುವುದು? ಡೀಲರುಗಳ ಹಳೇ ದಾಸ್ತಾನು ಕೆಲವು ವರ್ಷ ನಡೆಯಿತು. ಅದು ಮುಗಿದ ಮೇಲೆ ಗುಜರಿಯೇ ಕಾರ್ಖಾನೆಯಾಯಿತು. ಒಂದು ಕಡೆ ಜನ ಯೆಜ್ಡಿಗಳನ್ನು ತೂಕದ ಲೆಕ್ಕದಲ್ಲಿ ಮಾರಿದರು. ಇನ್ನೊಂದು ಕಡೆ ಅದೇ ಗುಜರಿಯಿಂದ ಬೇರೆ ಜನ ಕ್ರ್ಯಾಂಕು, ಹೆಡ್ಡು, ಟ್ಯಾಂಕು ಆರಿಸಿ ತಂದರು. ಬೆಂಗಳೂರಿನ ಶಿವಾಜಿನಗರದ ಗುಜರಿ ಮತ್ತು ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳು, ಮದ್ರಾಸಿನ ಪುದುಪೇಟೆ, ಪುಣೆಯ ಜುನಾ ಬಜಾರ್ ಗಡಿಯ ಮೇಸ್ತ್ರಿಗಳಿಗೆ ತೀರ್ಥಕ್ಷೇತ್ರಗಳಾದವು. ಎರಡು ಭಾಷೆ ಬಲ್ಲವನಿಗೆ ಇಲ್ಲಿ ಹೆಚ್ಚಿನ ಅನುಕೂಲವಿತ್ತು. ಪುದುಪೇಟೆಯಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡಿ, ಶಿವಾಜಿನಗರದಲ್ಲಿ ಕನ್ನಡ ಉರ್ದು ಬೆರೆಸಿ ಮಾತಾಡಿ ಬರುವವನು ನಮ್ಮ ಗಡಿಯವನೇ.

ಈಗ ಯುವಕರಲ್ಲಿ ಹಳೇ ಗಾಡಿ ಕೊಂಡು ಬಿಡಿಬಿಡಿಯಾಗಿ ಕೂಡಿಸುವ ಹುಮ್ಮಸ್ಸು ಮತ್ತೆ ಬಂದಿದೆ. 2018ರ ನವೆಂಬರಿನಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮರುಹುಟ್ಟು ಪಡೆದವು. ಆದರೆ ಅವು ಮೈಸೂರಿನವಲ್ಲ, ಮಧ್ಯಪ್ರದೇಶದ ಪೀತಾಂಪುರದವು. ಟೂ ಸ್ಟ್ರೋಕೂ ಅಲ್ಲ. ಹೊಸ ಹೆಸರಿನ ಭರಾಟೆಯಲ್ಲಿ ಹಳೆಯದರ ಬೆಲೆ ಏರಿತು. ಒಂದು ಕಾಲಕ್ಕೆ ಕಿಲೊ ಲೆಕ್ಕಕ್ಕೆ ಹೋದ ಕಬ್ಬಿಣ ಇಂದು ಬಂಗಾರ. ಬಂಗಾರವಾದ ಕಡೆ ಕಾಗೆಬಂಗಾರವೂ ಇರುತ್ತದೆ. ಆದ್ದರಿಂದ ಹಳಬರು ಪಾಠ ಕಲಿತ ನಾಲ್ಕು ಸಂಗತಿಗಳನ್ನು ಇಲ್ಲಿ ಹೇಳುವುದು ಲೇಸು.

ಮೊದಲನೆಯದು ಕ್ರ್ಯಾಂಕು. ಪಾಯಿಂಟನ್ನು ತೆರೆಯುವ ಉಬ್ಬು ಕೂತಿರುವುದೇ ಕ್ರ್ಯಾಂಕಿನ ತುದಿಯಲ್ಲಿ. ಬೇರಿಂಗು ಸವೆದು ಕ್ರ್ಯಾಂಕು ಅಲ್ಲಾಡುತ್ತಿದ್ದರೆ ಪಾಯಿಂಟಿನ ಸಂದಿಯೂ ಸುತ್ತು ಸುತ್ತಿಗೆ ಬೇರೆಯಾಗುತ್ತದೆ. ಅಂಥ ಇಂಜಿನ್ನಿಗೆ ಎಷ್ಟು ಟೈಮಿಂಗ್ ಕೂಡಿಸಿದರೂ ಒಲೆಯ ಮೇಲಿನ ಹಾಲಿನಂತೆ ಒಂದು ಕಡೆ ನಿಲ್ಲದು. ಕವರು ತೆಗೆಸಿ, ಆ ತುದಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಬೇಕು. ಕನೆಕ್ಟಿಂಗ್ ರಾಡಿನಲ್ಲಿ ಮೇಲೆ ಕೆಳಗೆ ಆಟ ಇರಬಾರದು. ಕಿಡಿಯ ಹೊಂದಾಣಿಕೆ ಶುರುವಾಗುವುದು ಗ್ಯಾರೇಜಿನಲ್ಲಲ್ಲ, ಗುಜರಿಯಲ್ಲಿ ಸಾಮಾನು ಆರಿಸುವಾಗಲೇ.

ಎರಡನೆಯದು ಆಯಿಲ್ ಸೀಲು. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೋಣೆಯೇ ಪಂಪು. ಸೀಲು ಹರಿದರೆ ಹೊರಗಿನ ಗಾಳಿ ಒಳನುಗ್ಗಿ ಇಂಜಿನ್ ತಾನಾಗಿ ಕಿರುಚುತ್ತದೆ. ಅದನ್ನು ಕಿಡಿಯ ದೋಷವೆಂದು ತಿಳಿದು ಕಾಯಿಲ್, ಕಂಡೆನ್ಸರ್, ಪ್ಲಗ್ ಎಲ್ಲ ಬದಲಿಸಿ ದುಡ್ಡು ಕಳೆದವರು ಊರಿಗೊಬ್ಬರಿದ್ದಾರೆ. ಹಳೇ ಇಂಜಿನ್ ತಂದರೆ ಸೀಲು ಬದಲಿಸಿಯೇ ಮುಂದಿನ ಮಾತು.

ಮೂರನೆಯದು ವಿದ್ಯುತ್ತಿನ ಸಾಮಾನು. ಆರು ವೋಲ್ಟಿನ ಕಾಯಿಲ್, ಹನ್ನೆರಡು ವೋಲ್ಟಿನ ಕಾಯಿಲ್ ಹೊರಗಿನಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಬೆರಕೆಯಾದರೆ ಒಂದೋ ಕಿಡಿ ಸೊರಗುತ್ತದೆ, ಇಲ್ಲವೇ ಪಾಯಿಂಟ್ ಸುಡುತ್ತದೆ. ಕಾಯಿಲ್ ತಣ್ಣಗಿದ್ದಾಗ ಕಿಡಿ ಕೊಟ್ಟು, ಬಿಸಿಯಾದಾಗ ಕೈ ಕೊಡುವುದುಂಟು. ಆದ್ದರಿಂದ ಅಂಗಡಿಯಲ್ಲಿ ಒಂದು ಕಿಡಿ ನೋಡಿ ಮರುಳಾಗದೆ, ಸ್ವಲ್ಪ ಹೊತ್ತು ಓಡಿಸಿ ನೋಡುವುದೇ ಸರಿ. ಹೊಸ ಸಂಗತಿಯೊಂದಿದೆ: 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಗಿದೆ. ಎಥನಾಲ್ ನೀರಿನಂಶವನ್ನು ಹೀರಿಕೊಳ್ಳುತ್ತದೆ, ಹಳೇ ರಬ್ಬರನ್ನು ಹಾಳು ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕು, ಕಾರ್ಬೊರೇಟರ್ ಬರಿದು ಮಾಡಿ ಇಡುವುದು ಒಳ್ಳೆಯದು.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು, ಕಾಗದಪತ್ರ. ಗಡಿಯವರಿಗೆ ಇದು ಎರಡು ಪಟ್ಟು ಮುಖ್ಯ. ಒಂದು ರಾಜ್ಯದ ಚಾಸಿಸ್, ಇನ್ನೊಂದು ರಾಜ್ಯದ ಇಂಜಿನ್, ಮೂರನೇ ರಾಜ್ಯದ ನಂಬರ್ ಪ್ಲೇಟ್ ಸೇರಿ ಒಂದು ಗಾಡಿಯಾಗುವುದು ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ಆರ್.ಸಿ. ಪುಸ್ತಕದಲ್ಲಿರುವ ಇಂಜಿನ್ ನಂಬರು, ಚಾಸಿಸ್ ನಂಬರು ಲೋಹದ ಮೇಲಿನ ನಂಬರಿಗೆ ಅಕ್ಷರಶಃ ಹೊಂದಬೇಕು. ಅರದಿಂದ ಉಜ್ಜಿದ ಗುರುತು, ಓರೆಕೋರೆಯಾಗಿ ಹೊಡೆದ ಅಂಕಿ ಕಂಡರೆ ಕೈಮುಗಿದು ಎದ್ದು ಬರಬೇಕು. ಅದು ಯಾರದೋ ಮನೆಯ ಕದ್ದ ಗಾಡಿಯಿರಬಹುದು. ಇಂಜಿನ್ ಬದಲಿಸಿದರೆ ಆರ್.ಟಿ.ಒ. ಕಚೇರಿಯಲ್ಲಿ ದಾಖಲಾಗಬೇಕು. 1988ರ ಮೋಟರು ವಾಹನ ಕಾಯಿದೆಯ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಬೇಕು. ಅದಕ್ಕೆ ಹಳೇ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಸ್ವಂತ ಬಳಕೆಯ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಜಾವಾ, ಯೆಜ್ಡಿಗಳೆಲ್ಲ ಈ ಗಡುವನ್ನು ಎಂದೋ ದಾಟಿದ ಗಾಡಿಗಳು. ಕೊಡುವವನು ‘ಕಾಗದ ಆಮೇಲೆ ಮಾಡಿಸೋಣ’ ಎಂದರೆ, ದುಡ್ಡನ್ನೂ ಆಮೇಲೆ ಕೊಡೋಣ ಎನ್ನುವುದೇ ಸರಿಯಾದ ಉತ್ತರ. ಕಾಗದವಿಲ್ಲದ ಗಾಡಿಯಿಂದ ಬಿಡಿಭಾಗ ಕೊಳ್ಳುವಾಗಲೂ ಅಂಗಡಿಯವನಿಂದ ರಸೀದಿ ಕೇಳಿ. ಎರಡು ರಾಜ್ಯದ ಚೆಕ್‌ಪೋಸ್ಟಿನ ನಡುವೆ ಬದುಕುವವರಿಗೆ ಈ ಚೂರು ಕಾಗದ ಸ್ಪ್ಯಾನರಿಗಿಂತ ಉಪಯೋಗಕ್ಕೆ ಬರುತ್ತದೆ.

ಮೈಸೂರು ಸೀಮೆಯ ಎಂ.ವೈ. ಅಕ್ಷರದಿಂದ ಶುರುವಾಗುವ ಹಳೇ ನಂಬರಿನ ಆರ್.ಸಿ. ಪುಸ್ತಕ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ಅದನ್ನು ಎಸೆಯಬೇಡಿ. ಅದರಲ್ಲಿ ಗಾಡಿ ಕೊಂಡವರ ಹೆಸರಿದೆ, ಊರಿದೆ, ಕೈ ಬದಲಾದ ದಿನಾಂಕಗಳಿವೆ. ನಮ್ಮ ಹಿರಿಯರು ಗೆರೆಯ ಆಚೆ ಈಚೆ ಹೇಗೆ ಓಡಾಡಿದರು ಎಂಬುದಕ್ಕೆ ಶಿಲಾಶಾಸನದಂಥ ಪುರಾವೆ ಅದು.

ಕಾಗದಕ್ಕಿಂತ ಬೇಗ ಕಳೆದುಹೋಗುತ್ತಿರುವುದು ಇನ್ನೊಂದಿದೆ. ಅದು ಕಿವಿಯ ವಿದ್ಯೆ. ಈಗಿನ ಬೈಕುಗಳಲ್ಲಿ ಪಾಯಿಂಟಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗಿನ ಇಲೆಕ್ಟ್ರಾನಿಕ್ಸು ಕಿಡಿಯ ಗಳಿಗೆಯನ್ನು ನಿರ್ಧರಿಸುತ್ತದೆ. ಅದು ಸವೆಯುವುದಿಲ್ಲ, ಮಳೆಗೆ ಹೆದರುವುದಿಲ್ಲ. ಸವಾರನಿಗೆ ಅದೊಂದು ವರವೇ ಸರಿ. ಆದರೆ ಕೆಟ್ಟರೆ ಅದನ್ನು ಬಿಚ್ಚುವಂತಿಲ್ಲ, ಎಸೆದು ಹೊಸದು ಹಾಕಬೇಕು. ಪಾಯಿಂಟಿನ ಕಾಲದ ಮೇಸ್ತ್ರಿ ಸೈಲೆನ್ಸರಿನ ಸದ್ದು ಕೇಳಿ ಕಿಡಿ ಮುಂದಿದೆಯೋ ಹಿಂದಿದೆಯೋ ಹೇಳುತ್ತಿದ್ದ. ಪ್ಲಗ್ಗಿನ ತುದಿಯ ಬಣ್ಣ ನೋಡಿ ಇಂಜಿನ್ನಿನ ಆರೋಗ್ಯ ಹೇಳುತ್ತಿದ್ದ. ತಿಳಿಕಂದು ಬಣ್ಣವಿದ್ದರೆ ಕ್ಷೇಮ. ಬಿಳಿಚಿಕೊಂಡಿದ್ದರೆ ಬಿಸಿ ಹೆಚ್ಚು. ಕರಿ ಹಿಡಿದಿದ್ದರೆ ಪೆಟ್ರೋಲು, ಆಯಿಲ್ ಹೆಚ್ಚು. ಅವನ ಶಾಸ್ತ್ರ ಯಾವ ಪುಸ್ತಕದಲ್ಲೂ ಇಲ್ಲ. ಅದರ ಶಬ್ದಕೋಶವೂ ಗಡಿನಾಡಿನದೇ. ಅರ್ಧ ಇಂಗ್ಲಿಷು, ಕಾಲು ಕನ್ನಡ, ಉಳಿದ ಕಾಲು ಅಕ್ಕಪಕ್ಕದ ಭಾಷೆ. ನಮ್ಮ ಗಡಿಯ ಹಳ್ಳಿಗಳಲ್ಲಿ ಶಾಲೆಯ ಕನ್ನಡ ಸೊರಗಿದ ಕಡೆಯೂ ಗ್ಯಾರೇಜಿನಲ್ಲಿ ಕನ್ನಡ ಉಳಿಯಿತು. ಗುರು ಶಿಷ್ಯನಿಗೆ ‘ಇನ್ನೂ ಒಂದು ಎಳೆ ತಿರುಗಿಸೋ’ ಎಂದು ಹೇಳಿದ್ದು ಕನ್ನಡದಲ್ಲೇ.

ಮೈಸೂರಿನ ಕಾರ್ಖಾನೆ ಇನ್ನಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಬೆಂಗಳೂರಿನಂಥ ಊರುಗಳಲ್ಲಿ ಹಳೇ ಗಾಡಿಗಳ ಮೆರವಣಿಗೆ ನಡೆಯುತ್ತದೆ. ಮಿರುಗುವ ಆ ಗಾಡಿಗಳನ್ನು ನೋಡುವುದು ಕಣ್ಣಿಗೆ ಹಬ್ಬ. ಆದರೆ ಆ ಗಾಡಿಗಳ ಒಳಗೆ ಓಡುತ್ತಿರುವ ಎಷ್ಟೋ ಕ್ರ್ಯಾಂಕು, ಗೇರು, ಕಾಯಿಲ್ಲುಗಳು ಗುಜರಿಗಳ ರಾಶಿಯಿಂದ ಆರಿಸಿದವು. ಆರಿಸಿದ ಕೈಗಳಿಗೆ ಈಗ ಎಪ್ಪತ್ತು ದಾಟಿದೆ. ನಿಮ್ಮೂರಿನಲ್ಲಿ ಅಂಥ ಮೇಸ್ತ್ರಿಗಳೊಬ್ಬರಿದ್ದರೆ, ಅವರ ಪಕ್ಕದಲ್ಲಿ ಹುಡುಗನೊಬ್ಬನನ್ನು ಕೂರಿಸಿ. ಸಿಗರೇಟಿನ ಕಾಗದ ಜಾರುವ ಗಳಿಗೆಯನ್ನು ಅವನ ಬೆರಳೂ ಒಮ್ಮೆ ಕಲಿಯಲಿ. ಸ್ಪೇರು ಗುಜರಿಯಲ್ಲಿ ಸಿಕ್ಕೀತು, ಆ ಬೆರಳಿನ ಅರಿವು ಯಾವ ಗುಜರಿಯಲ್ಲೂ ಸಿಗದು.